ಟಾಪ್ ಹಾಕಿದ ಪಿಕಪ್ಪು, ಹಿಂದೆ ಜನರೇಟರ್ ಟ್ರಾಲಿ: ದೋಷ ಹುಡುಕುವ ಬಗೆ

ಕೊಪ್ಪಳದ ಗವಿಮಠದ ಜಾತ್ರೆಗೆ ಲೈಟಿಂಗ್ ಕೆಲಸ ಮುಗಿಸಿ ಬಂದ ಪಿಕಪ್ಪೊಂದು ಒಂದು ಸಂಜೆ ನಮ್ಮ ಅಂಗಡಿ ಮುಂದೆ ನಿಂತಿತು. ಹಿಂದೆ ಎರಡು ಗಾಲಿಯ ಜನರೇಟರ್ ಟ್ರಾಲಿ. ಮಾಲೀಕ ಇಳಿದವನೇ ತೀರ್ಪು ಕೊಟ್ಟುಬಿಟ್ಟ: "ಅಣ್ಣಾರ, ಟ್ರಾಲಿ ಹಚ್ಚಿದ್ರ ಹಿಂದಿಂದು ತೋರಸೋ ಕ್ಯಾಮೆರಾ ಗೆರಿ ಗೆರಿ ಆಗತೈತಿ, ಬಿಚ್ಚಿದ್ರ ಸರಿ ಇರತೈತಿ. ಮ್ಯಾಲೆ ಅರವತ್ತು ದಾಟಿತಂದ್ರ ಟ್ರಾಲಿ ಓಲಾಡತೈತಿ. ಟ್ರಾಲಿ ವೈರಿಂಗ್ ಪೂರಾ ಕಿತ್ತು ಹೊಸಾದು ಹಾಕ್ರಿ, ಎಕ್ಸೆಲ್ಲೂ ನೋಡಿಬಿಡ್ರಿ."

ಟ್ರಾಲಿ ಆರು ವರ್ಷದ್ದು. ಅಷ್ಟು ವರ್ಷ ಸುಮ್ಮನಿದ್ದದ್ದು ಈಗೇಕೆ ಕೆಟ್ಟಿತು ಎಂದು ಕೇಳಿದೆ. "ಟಾಪ್ ಹಾಕ್ಸಿ ಎರಡು ತಿಂಗಳಾತು ನೋಡ್ರಿ, ಅಲ್ಲಿಂದ ಶುರು" ಅಂದ. ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು.

ಮೊದಲು ಒಂದು ಮಾತಿನ ಗೊಂದಲ ಬಿಡಿಸಿಬಿಡುತ್ತೇನೆ. ಪಿಕಪ್ಪಿನ ಹಿಂದಿನ ತೊಟ್ಟಿಯ ಮೇಲೆ ಕೂರಿಸುವ, ಗಾಜು ಇರುವ ಫೈಬರ್ ಅಥವಾ ತಗಡಿನ ಮುಚ್ಚಳವನ್ನು ಮಾರುವವರು ಕೆನೊಪಿ ಅನ್ನುತ್ತಾರೆ. ಆದರೆ ಜನರೇಟರಿನ ಸದ್ದು ತಡೆಯುವ ಡಬ್ಬಿಗೂ ನಮ್ಮಲ್ಲಿ ಕೆನೊಪಿ ಎಂದೇ ಹೆಸರು. "ಕೆನೊಪಿ ಅರ್ಥ್ ನೋಡು" ಅಂದರೆ ಹುಡುಗ ಹೋಗಿ ಜನರೇಟರ್ ಬಿಚ್ಚಿ ಕೂರುತ್ತಾನೆ. ಆದ್ದರಿಂದ ಇಲ್ಲಿ ಪಿಕಪ್ಪಿನದು ಟಾಪ್, ಜನರೇಟರಿನದು ಡಬ್ಬಿ. ಹೆಸರಿನಲ್ಲೇ ಕ್ಯಾಂಪರ್ ಇರುವ ಬೊಲೆರೊಗೂ ಈ ಟಾಪಿಗೂ ಸಂಬಂಧವಿಲ್ಲ. ಅದು ಎರಡು ಸಾಲು ಸೀಟಿನ ಪಿಕಪ್ಪು, ಅಷ್ಟೆ.

ಟಾಪ್ ಮತ್ತು ಟ್ರಾಲಿ ಎರಡೂ ಇರುವ ಗಾಡಿಯಲ್ಲಿ ದೋಷ ಕಾಣಿಸುವುದು ಬಹಳ ಸಲ ಟ್ರಾಲಿಯಲ್ಲಿ, ಇರುವುದು ಟಾಪಿನಲ್ಲಿ, ಇಲ್ಲವೇ ಟಾಪ್ ಬಂದಮೇಲೆ ನಾವು ಬದಲಿಸಿದ ಅಭ್ಯಾಸದಲ್ಲಿ. ಹಾಗಾಗಿ ಏನನ್ನೂ ಕೀಳುವ ಮೊದಲು ಮೂರು ಸ್ಥಿತಿಯಲ್ಲಿ ನೋಡಬೇಕು. ಟ್ರಾಲಿ ಬಿಚ್ಚಿ, ಟಾಪಿನ ವೈರು ಹಾಗೇ ಇಟ್ಟು ಒಮ್ಮೆ. ಟ್ರಾಲಿ ಹಚ್ಚಿ, ಟಾಪಿಗೆ ಹೋಗುವ ವೈರಿನ ಕನೆಕ್ಟರ್ ಬಿಡಿಸಿ ಇನ್ನೊಮ್ಮೆ. ಎರಡೂ ಹಚ್ಚಿ ಮತ್ತೊಮ್ಮೆ. ಹತ್ತು ನಿಮಿಷದ ಕೆಲಸ. ಈ ಗಾಡಿಯಲ್ಲಿ ಮೊದಲ ಸ್ಥಿತಿಯಲ್ಲಿ ಎಲ್ಲ ಸರಿ. ಎರಡನೆಯದರಲ್ಲಿ ಟಾಪಿನ ಪ್ಲಸ್ ವೈರು ಬಿಡಿಸಿದ್ದರೂ ಟ್ರಾಲಿ ಬ್ರೇಕ್ ಲೈಟು ಮಂಕು. ಮೂರನೆಯದರಲ್ಲಿ ಮಂಕು ಲೈಟಿನ ಜತೆ ಕ್ಯಾಮೆರಾದಲ್ಲಿ ಗೆರೆ. ಟಾಪಿಗೆ ಕರೆಂಟೇ ಇಲ್ಲದಾಗಲೂ ಟ್ರಾಲಿ ಲೈಟು ಮಂಕಾಗಿದೆ ಎಂದರೆ, ಎರಡಕ್ಕೂ ಹಂಚಿಕೊಂಡ ದಾರಿ ಒಂದೇ: ಅರ್ಥ್, ಅಂದರೆ ಕರೆಂಟು ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸಾಗುವ ದಾರಿ.

ಅರ್ಥ್ ಹುಡುಕುವುದು

ಹಳೇ ಕೈಯ ಎಲೆಕ್ಟ್ರಿಷಿಯನ್ನರಿಗೆ ಒಂದು ರೂಢಿ ಇದೆ. ಲೈಟಿಗೆ ಒಂದೇ ವೈರು ಎಳೆಯುತ್ತಾರೆ, ಇನ್ನೊಂದನ್ನು ಹತ್ತಿರದ ಬಾಡಿಗೆ ಸ್ಕ್ರೂ ಹೊಡೆಯುತ್ತಾರೆ. ಕಬ್ಬಿಣದ ಬಾಡಿಯಲ್ಲಿ ಅದು ನಡೆಯುತ್ತದೆ. ಫೈಬರಿನಲ್ಲಿ ಕರೆಂಟು ಹರಿಯುವುದೇ ಇಲ್ಲ. ಆಗ ಅವರು ಟಾಪಿನ ಅಲ್ಯೂಮಿನಿಯಂ ಚೌಕಟ್ಟಿಗೋ, ತೊಟ್ಟಿಯ ಅಂಚಿಗೆ ಟಾಪನ್ನು ಹಿಡಿಯುವ ಕ್ಲಾಂಪಿಗೋ ಅರ್ಥ್ ಕೊಡುತ್ತಾರೆ. ಟಾಪ್ ಕೂತಿರುವುದು ರಬ್ಬರ್ ಪಟ್ಟಿಯ ಮೇಲೆ, ಕ್ಲಾಂಪ್ ಹಿಡಿದಿರುವುದು ಬಣ್ಣದ ಮೇಲೆ. ಬೋಲ್ಟಿನ ಒಂದೆರಡು ಎಳೆ ಎಲ್ಲೋ ಕಬ್ಬಿಣಕ್ಕೆ ತಾಗಿರುತ್ತದೆ. ಅಷ್ಟರಲ್ಲೇ ಸಂಸಾರ.

ಟಾಪಿನ ಹಿಂದಿನ ಎಲ್‌ಇಡಿ ಬ್ರೇಕ್ ಲೈಟು ಎಳೆಯುವ ಕರೆಂಟು ತೀರಾ ಕಡಿಮೆ. ಅಷ್ಟಕ್ಕೆ ಆ ಬಡ ಬೋಲ್ಟು ಸಾಕು. ಈ ಗಾಡಿಗೆ ಟಾಪ್ ಕೂರಿಸಿದವರು ಅಲ್ಲಿಗೆ ನಿಲ್ಲಿಸಿರಲಿಲ್ಲ. ಟ್ರಾಲಿ ಸಾಕೆಟ್ಟಿನ ಹಳೇ ಅರ್ಥ್ ವೈರು ಅಡ್ಡ ಬರುತ್ತದೆ ಎಂದು ಅದನ್ನೂ ತಂದು ಅದೇ ಬೋಲ್ಟಿಗೆ ಸೇರಿಸಿದ್ದರು. ಟ್ರಾಲಿಯ ಬಲ್ಬುಗಳ ಲೆಕ್ಕ ನೋಡಿ: ಬ್ರೇಕಿಗೆ 21 ವ್ಯಾಟಿನವು ಎರಡು, ಟೇಲಿಗೆ 5 ವ್ಯಾಟಿನವು ಎರಡು, ತಿರುವಿನಲ್ಲಿದ್ದರೆ ಇಂಡಿಕೇಟರಿಗೆ ಇನ್ನೊಂದು 21. ಒಟ್ಟು 73 ವ್ಯಾಟ್, 12 ವೋಲ್ಟಿಗೆ ಸುಮಾರು 6 ಆಂಪಿಯರ್. ಅಷ್ಟೂ ಆ ಒಂದು ಬೋಲ್ಟಿನಿಂದ ವಾಪಸ್ ಬರಬೇಕು. ಸಲೀಸಾಗಿ ಬರಲಾರದೆ ಆ ಬೋಲ್ಟಿನಲ್ಲಿ ವೋಲ್ಟು ನಿಲ್ಲುತ್ತದೆ, ಅಲ್ಲಿಗೇ ಸೇರಿದ ಕ್ಯಾಮೆರಾದ ಅರ್ಥನ್ನು ಅದು ಎತ್ತಿ ಹಿಡಿಯುತ್ತದೆ, ತೆರೆಯಲ್ಲಿ ಗೆರೆ ಮೂಡುತ್ತದೆ. ಟ್ರಾಲಿ ಬಿಚ್ಚಿದರೆ ಕರೆಂಟೇ ಇಲ್ಲ, ಗೆರೆಯೂ ಇಲ್ಲ. ಮಾಲೀಕ ಟ್ರಾಲಿಯನ್ನು ಬೈದದ್ದು ತಪ್ಪಲ್ಲ, ಅವನಿಗೆ ಕಂಡದ್ದು ಹಾಗೇ.

ಅಳೆಯುವ ರೀತಿ ಸುಲಭ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಟ್ರಾಲಿ ಬಲ್ಬಿನ ಅರ್ಥಿಗೆ. ಬ್ಯಾಟರಿಯಿಂದ ಟ್ರಾಲಿ ತನಕ ಮೀಟರ್ ವೈರು ಮುಟ್ಟದು, ಉದ್ದದೊಂದು ವೈರು ಕಟ್ಟಿಕೊಳ್ಳಿ. ಈಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. 0.2, 0.3 ವೋಲ್ಟ್ ಬಂದರೆ ಪರವಾಗಿಲ್ಲ. ನಮಗೆ ಬಂದದ್ದು 2.9. ಬ್ರೇಕ್ ಒತ್ತದೆ ಅಳೆದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ವೈರು ಕೂಡಿದೆಯೇ ಎಂದು ನೋಡುವ ಮೀಟರಿನ ಬಜರ್ ಕೂಡ ಟುಯ್ಯೆನ್ನುತ್ತದೆ. ಬಜರ್ ನಂಬಿ ಕೆಟ್ಟವರನ್ನು ಬಹಳ ನೋಡಿದ್ದೇನೆ. ಅದು ಸಣ್ಣ ಕರೆಂಟಿನ ಪರೀಕ್ಷೆ, ಭಾರ ಹೊರಿಸಿ ನೋಡುವ ಪರೀಕ್ಷೆಯಲ್ಲ.

ಮೀಟರ್ ಇಲ್ಲದಿದ್ದರೆ ಒಂದು ದಪ್ಪ ವೈರಿನ ಎರಡೂ ತುದಿ ಕೆರೆದು, ಒಂದನ್ನು ಪಿಕಪ್ಪಿನ ಚಾಸಿಗೆ, ಇನ್ನೊಂದನ್ನು ಟ್ರಾಲಿ ಬಲ್ಬಿನ ಅರ್ಥಿಗೆ ಒತ್ತಿ ಹಿಡಿಯಿರಿ. ಲೈಟು ಥಟ್ಟನೆ ಹೊಳೆದರೆ ದೋಷ ಅರ್ಥಿನದೇ. ಹೊಳೆಯದಿದ್ದರೆ ಪ್ಲಸ್ ಕಡೆ ಹುಡುಕಿ. ಕಣ್ಣಿನಿಂದಲೇ ಹಿಡಿಯುವ ಗುರುತೂ ಉಂಟು: ಬ್ರೇಕ್ ಒತ್ತಿದಾಗ ಇಂಡಿಕೇಟರ್ ನಿಂತುಹೋಗುವುದು, ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜತೆಗೆ ಮಿಣುಕುವುದು. ಒಂದು ಲೈಟಿನ ಕರೆಂಟು ದಾರಿ ಸಿಗದೆ ಇನ್ನೊಂದರೊಳಗಿಂದ ಹೊರಟಿದೆ ಎಂದರ್ಥ.

ಸಾಕೆಟ್ಟು ಸಾಮಾನ್ಯವಾಗಿ ಏಳು ಪಿನ್ನಿನದು. 1 ಎಡ ಇಂಡಿಕೇಟರ್, 4 ಬಲ ಇಂಡಿಕೇಟರ್, 5 ಬಲ ಟೇಲ್, 7 ಎಡ ಟೇಲ್, 6 ಬ್ರೇಕ್, 3 ಅರ್ಥ್. 2ನೆಯದು ಹಿಂದಿನ ಮಂಜು ದೀಪಕ್ಕೆ, ನಮ್ಮ ಟ್ರಾಲಿಗಳಲ್ಲಿ ಖಾಲಿ. ಅರ್ಥಿಗೆ ಬಿಳಿ ವೈರು ಎಂಬ ಕ್ರಮವಿದೆ, ಆದರೆ ಇಲ್ಲಿ ಕಟ್ಟಿದ ಟ್ರಾಲಿಯಲ್ಲಿ ಬಣ್ಣ ನಂಬಬೇಡಿ. ಆ ದಿನ ಅಂಗಡಿಯಲ್ಲಿ ಯಾವ ಸುರುಳಿ ಇತ್ತೋ ಅದೇ ಬಣ್ಣ.

ನಾವು ಮಾಡಿದ್ದು: 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಸಾಕೆಟ್ಟಿನ 3ನೇ ಪಿನ್ನಿನಿಂದ ನೇರ ಚಾಸಿಗೆ, ಬಣ್ಣ ಕೆರೆದು ಲಗ್ ಹಾಕಿ ಬೋಲ್ಟ್ ಬಿಗಿದು ಮೇಲೆ ಗ್ರೀಸ್. ಟಾಪಿನ ಲೈಟಿಗೆ, ಕ್ಯಾಮೆರಾಗೆ ಬೇರೆ ಬೇರೆ ಅರ್ಥ್ ವೈರು, ಕ್ಲಾಂಪಿನ ಗೊಡವೆಯೇ ಇಲ್ಲ. ಮತ್ತೆ ಅಳೆದರೆ 0.1. ವೈರು ದಪ್ಪ ಏಕೆ ಅಂದರೆ, 1 ಚದರ ಮಿಲಿಮೀಟರಿನ ತಾಮ್ರ 10 ಮೀಟರಿಗೆ 6 ಆಂಪಿಯರಿನಲ್ಲಿ ಒಂದು ವೋಲ್ಟನ್ನೇ ತಿನ್ನುತ್ತದೆ. ಒಂದು ವೋಲ್ಟ್ ಏನು ಮಹಾ ಅನ್ನಬೇಡಿ. ಹಳೇ ಬಲ್ಬಿಗೆ ವೋಲ್ಟು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ.

ಟ್ರಾಲಿ ಕೊಂಡಿಯ ಮೂಲಕವೇ ಅರ್ಥ್ ಬರುತ್ತದೆ, ವೈರು ಯಾಕೆ ಅನ್ನುವವರೂ ಇದ್ದಾರೆ. ಕೊಂಡಿಯ ಪಿನ್ನು ಬಿಗಿಯಾಗಿ ಒತ್ತಿದಾಗ ಬರುತ್ತದೆ, ಇಳಿಜಾರಿನಲ್ಲಿ ಸಡಿಲಾದಾಗ ಹೋಗುತ್ತದೆ. ಬ್ರೇಕ್ ಲೈಟು ಬೇಕಾದದ್ದು ಇಳಿಜಾರಿನಲ್ಲೇ.

ಇನ್ನೊಂದು ಮಾತು. ಪಿಕಪ್ಪಿನ ಇಂಡಿಕೇಟರ್ ಬಲ್ಬು ಸುಟ್ಟರೆ ಟಿಕ್‌ಟಿಕ್ ಬೇಗಬೇಗ ಬಡಿದು ಎಚ್ಚರಿಸುತ್ತದೆ. ಟ್ರಾಲಿ ಬಲ್ಬೂ ಅದೇ ಲೈನಿಗೆ ಸೇರಿದಾಗ ಆ ಎಚ್ಚರಿಕೆ ಬರದೇ ಹೋಗಬಹುದು, ಏಕೆಂದರೆ ಸುಟ್ಟ ಬಲ್ಬಿನ ಪಾಲಿನ ಕರೆಂಟನ್ನು ಟ್ರಾಲಿಯದು ತುಂಬಿಕೊಡುತ್ತದೆ. ಹೊರಡುವ ಮುನ್ನ ಸುತ್ತಿ ನೋಡುವುದೇ ದಾರಿ.

ಹಿಂದೆ ಏನೂ ಕಾಣುವುದಿಲ್ಲ ಎನ್ನುವ ದೂರು

ಇದರಲ್ಲಿ ದೋಷ ಕಡಿಮೆ, ಲೆಕ್ಕ ಜಾಸ್ತಿ. ಟಾಪ್ ಹಾಕಿದಮೇಲೆ ಒಳಗನ್ನಡಿಯಿಂದ ನೋಡುವ ಕಣ್ಣು ಮೂರು ಗಾಜು ದಾಟಬೇಕು: ಕ್ಯಾಬಿನ್ನಿನ ಹಿಂಗಾಜು, ಟಾಪಿನ ಮುಂಗಾಜು, ಟಾಪಿನ ಹಿಂಗಾಜು. ಒಂದೊಂದೂ ನೂರಕ್ಕೆ 70 ಬೆಳಕು ಬಿಟ್ಟರೂ ಮೂರು ದಾಟುವಷ್ಟರಲ್ಲಿ ಉಳಿಯುವುದು 34. ಟಾಪಿನ ಎರಡೂ ಗಾಜು ಕಪ್ಪಗಿದ್ದು 30ರಷ್ಟೇ ಬಿಡುತ್ತಿದ್ದರೆ ಉಳಿಯುವುದು 6. ಹಗಲಲ್ಲಿ ಅದೂ ಸಾಕೆನಿಸುತ್ತದೆ, ಮುಸ್ಸಂಜೆಗೆ ಲೈಟಿಲ್ಲದ ಬೈಕು ಮಾಯ. ರಾತ್ರಿ ಹಿಂದಿನ ಲಾರಿಯ ಎರಡು ಲೈಟು ನಾಲ್ಕಾಗಿ, ಆರಾಗಿ ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಓಡಬೇಡಿ. ಎದುರುಬದುರು ಗಾಜುಗಳ ನಡುವೆ ಬೆಳಕು ಪುಟಿಯುವುದರಿಂದ ಬರುವ ಪ್ರತಿಬಿಂಬ ಅದು.

ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳಿಗೆ ಕೆಂಧೂಳಿನ ಕಾಟ ಬೇರೆ. ಟಾಪಿನ ಚೌಕಾದ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕುಗ್ಗುತ್ತದೆ, ರಸ್ತೆಯ ಧೂಳೆಲ್ಲ ಅಲ್ಲಿಗೆ ಸುಳಿದು ಹಿಂಗಾಜಿಗೇ ಮೆತ್ತುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಅದಿರಿನ ಪುಡಿ ಗಾಜನ್ನು ಗೀರುತ್ತದೆ, ಅಕ್ರಿಲಿಕ್ ಕಿಟಕಿಯಾದರೆ ಇನ್ನೂ ಬೇಗ. ಆಮೇಲೆ ತೊಳೆದರೂ ರಾತ್ರಿ ಲೈಟು ಬಿದ್ದಾಗ ಮಂಜು ಕವಿದಂತೆಯೇ. ನೀರು ಸುರಿದು ಧೂಳು ಇಳಿದಮೇಲೆ ಒರೆಸಬೇಕು.

ಹತ್ತಿರದ ಕುರುಡು ಜಾಗವನ್ನೂ ಲೆಕ್ಕ ಹಾಕಿ. ಕೂತವರ ಕಣ್ಣು ನೆಲದಿಂದ 1.5 ಮೀಟರ್, ಹಿಂಬಾಗಿಲು 3 ಮೀಟರ್ ಹಿಂದೆ, ಅದರ ಅಂಚು 1.2 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಆಗ ಬಾಗಿಲಿನಿಂದ 12 ಮೀಟರ್ ತನಕ ನೆಲ ಕಾಣುವುದಿಲ್ಲ. ಟಾಪಿನ ಗಾಜಿನ ಚೌಕಟ್ಟು ಆ ಅಂಚನ್ನು ಬರೀ 10 ಸೆಂಟಿಮೀಟರ್ ಏರಿಸಿದರೆ ಆ 12, ಸುಮಾರು 20 ಆಗುತ್ತದೆ. ಟ್ರಾಲಿ ಹಚ್ಚಿದಾಗ ಕತೆ ಬೇರೆ: ಗಾಜಿನ ತುಂಬ ಜನರೇಟರ್ ಡಬ್ಬಿಯೇ, ಒಳಗನ್ನಡಿ ದಂಡ.

ಉಳಿಯುವುದು ಹೊರಗನ್ನಡಿ. ಅದರಲ್ಲಿ ಸ್ವಂತ ಬಾಡಿ ಒಂದು ಬೆರಳಗಲ ಮಾತ್ರ ಕಾಣುವಂತೆ ತಿರುಗಿಸಿ. ಟ್ರಾಲಿ ಪಿಕಪ್ಪಿಗಿಂತ ಕಿರಿದಾಗಿದ್ದರೆ ನೇರ ಇರುವಾಗ ಕನ್ನಡಿಯಲ್ಲಿ ಅದು ಇಲ್ಲವೇ ಇಲ್ಲ, ರಿವರ್ಸಿನಲ್ಲಿ ಕಾಣಿಸುವಷ್ಟರಲ್ಲಿ ಮಡಚಿಕೊಂಡಿರುತ್ತದೆ. ಟ್ರಾಲಿಯ ಹಿಂದಿನ ಎರಡು ಮೂಲೆಗೆ, ಪಿಕಪ್ಪಿನ ಅಗಲಕ್ಕೆ ಸರಿಯಾಗಿ ಹೊರಚಾಚುವಂತೆ, ಕೆಂಪು ಟೇಪ್ ಸುತ್ತಿದ ಪ್ಲಾಸ್ಟಿಕ್ ಪೈಪು ಕಟ್ಟಿ. ಎರಡು ಕನ್ನಡಿಯಲ್ಲೂ ಒಂದೊಂದು ತುದಿ ಕಾಣುತ್ತಿದ್ದರೆ ಟ್ರಾಲಿ ನೆಟ್ಟಗಿದೆ. ಕ್ಯಾಮೆರಾಗಿಂತ ನನಗೆ ಇದರ ಮೇಲೆಯೇ ನಂಬಿಕೆ.

ಹಿಂದಿನವರಿಗೆ ನೀವು ಕಾಣುತ್ತೀರಾ ಎಂಬುದನ್ನು ಯಾರೂ ಕೇಳುವುದಿಲ್ಲ. ಪಿಕಪ್ಪಿನ ಟೇಲ್ ಲೈಟು, ನಂಬರ್ ಪ್ಲೇಟು ಎರಡನ್ನೂ ಜನರೇಟರ್ ಮುಚ್ಚಿರುತ್ತದೆ. ಟ್ರಾಲಿಯ ಲೈಟು ಸತ್ತರೆ ಹಿಂದಿನವನಿಗೆ ನೀವು ಕತ್ತಲೆಯ ಒಂದು ತುಂಡು. ಹೊಳೆಯುವ ಟೇಪು ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ.

ಓಲಾಟ

ಇನ್ನು ಅರವತ್ತಕ್ಕೆ ಓಲಾಡುವ ಮಾತು. ಎಕ್ಸೆಲ್ ನೋಡಿ ಅಂದಿದ್ದ, ನೋಡಿದೆವು. ಜಾಕ್ ಹೊಡೆದು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗ್ ಗಟ್ಟಿ. ಕೊಂಡಿಯಿಂದ ಎರಡೂ ಗಾಲಿಯ ನಡುಮಧ್ಯಕ್ಕೆ ಟೇಪ್ ಹಿಡಿದರೆ ಅಳತೆ ಸಮ. ಟೈರಿನ ಗಾಳಿ ಒಂದರಲ್ಲಿ ಕಡಿಮೆ ಇತ್ತು, ತುಂಬಿಸಿದೆವು. ರಾಯಚೂರು ಕಡೆಯ ಬೇಸಿಗೆಯಲ್ಲಿ ಓಡಿ ಬಂದ ಬಿಸಿ ಟೈರಿನ ಗಾಳಿ ಅಳೆದು ಇಳಿಸುವುದು ಒಂದು ಚಾಳಿ, ಅದನ್ನು ಬಿಡಬೇಕು. ಅಳತೆ ಬೆಳಿಗ್ಗೆ ತಣ್ಣಗಿದ್ದಾಗಲೇ.

ಆಮೇಲೆ ಟ್ರಾಲಿಯ ಬಾಲ ನೋಡಿದೆ. ಕೇಬಲ್ಲಿನ ಎರಡು ಉರುಳೆ, ಒಂದು ಕಬ್ಬಿಣದ ಪೆಟ್ಟಿಗೆ, ಎಲ್ಲ ಸೇರಿ 90 ಕೆಜಿ. "ಇವು ಮೊದಲು ಎಲ್ಲಿ ಇಡ್ತಿದ್ರಿ?" "ಗಾಡ್ಯಾಗ ಇಡ್ತಿದ್ವಿ. ಟಾಪ್ ಹಾಕ್ಸಿದಮ್ಯಾಲೆ ಉರುಳಿ ಒಳಗ ಹೋಗವಲ್ದು, ಬಾಗಿಲ ಸಣ್ಣದಾತು. ಅದಕ್ಕ ಟ್ರಾಲಿ ಹಿಂದ ಕಟ್ಟೀವಿ."

ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಕ್ಕಾದರೆ ನೊಗ ಕಟ್ಟುವ ಮೂಕಿ ಮರ ಮೇಲೇಳುತ್ತದೆ, ಜತ್ತಿಗೆಯ ಪಟ್ಟಿ ಎತ್ತಿನ ಕೊರಳು ಬಿಗಿಯುತ್ತದೆ, ಗಾಡಿ ದಾರಿ ತುಂಬ ಹೊರಳಾಡುತ್ತದೆ. ನೊಗ ಹೆಗಲ ಮೇಲೆ ಒಂದಿಷ್ಟು ಭಾರವಾಗಿಯೇ ಕೂರಬೇಕು. ಟ್ರಾಲಿಯೂ ಹಾಗೇ: ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರ ಆಸುಪಾಸು ಕೊಂಡಿಯ ಮೇಲಿರಬೇಕು. ಈ ಟ್ರಾಲಿ 900 ಕೆಜಿ. ಉರುಳೆ ಇಲ್ಲದಾಗ ಕೊಂಡಿ ಭಾರ 70 ಇತ್ತು. ಎಕ್ಸೆಲ್ಲಿನಿಂದ ಕೊಂಡಿಗೆ 2 ಮೀಟರ್, ಉರುಳೆ ಇಟ್ಟದ್ದು ಎಕ್ಸೆಲ್ಲಿನ ಹಿಂದೆ 1.2 ಮೀಟರ್. 90ನ್ನು 1.2ರಿಂದ ಗುಣಿಸಿ 2ರಿಂದ ಭಾಗಿಸಿದರೆ 54. ಅಷ್ಟನ್ನು ಅದು ಕೊಂಡಿಯಿಂದ ಎತ್ತಿಬಿಟ್ಟಿತು. ಉಳಿದದ್ದು 16 ಕೆಜಿ.

ಅಳೆಯಲು ದೊಡ್ಡ ಕಾಟಾ ಬೇಡ, ಮನೆಯಲ್ಲಿ ನಿಂತು ತೂಗುವ ತಕ್ಕಡಿ ಸಾಕು. ಸಮ ನೆಲದಲ್ಲಿ ಟ್ರಾಲಿ ಗಾಲಿಗೆ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಪಿಕಪ್ಪಿಗೆ ಹಚ್ಚಿದಾಗ ಇರುವಷ್ಟೇ ಎತ್ತರದಲ್ಲಿ ಕೊಂಡಿಯನ್ನು ಅದರ ಮೇಲೆ ಕೂರಿಸಿ. ಒಟ್ಟು ತೂಕಕ್ಕೆ ಮಾತ್ರ ವೇ ಬ್ರಿಡ್ಜಿಗೆ ಹೋಗಿ. ಗಂಗಾವತಿ, ಸಿಂಧನೂರಿನಲ್ಲಿ ರೈಸ್ ಮಿಲ್ಲುಗಳ ಪುಣ್ಯದಿಂದ ಅದಕ್ಕೆ ಬರವಿಲ್ಲ.

ಉರುಳೆಗಳನ್ನು ಎಕ್ಸೆಲ್ಲಿನ ಮುಂದೆ, ಮೂಕಿಯ ಬುಡದಲ್ಲಿ ಒಂದು ತಟ್ಟೆ ಬೆಸುಗೆ ಹಾಕಿ ಕೂರಿಸಿದೆವು. ಪೆಟ್ಟಿಗೆ ಟಾಪಿನೊಳಗೆ ಹೋಯಿತು. ಕೊಂಡಿ ಭಾರ 90ಕ್ಕೆ ಬಂತು. ಓಲಾಟ ನಿಂತಿತು.

ಪೂರ್ತಿ ನಿಂತಿತು ಎಂದರೆ ಸುಳ್ಳಾದೀತು. ಆಷಾಢದ ಗಾಳಿಯಲ್ಲಿ ಯಾವ ಟ್ರಾಲಿಯೂ ಸ್ವಲ್ಪ ಜಗ್ಗುತ್ತದೆ. ಹೊಸಪೇಟೆಯಿಂದ ಕುಷ್ಟಗಿ ಕಡೆ ಹೋಗುವ 50ನೇ ನಂಬರಿನ ಹೆದ್ದಾರಿ ತೆಂಕಣದಿಂದ ಬಡಗಣಕ್ಕೆ ಓಡುತ್ತದೆ, ಗಾಳಿ ಪಡುವಣದ್ದು, ಬಂದದ್ದೆಲ್ಲ ಪಕ್ಕೆಗೇ. ಕೊಪ್ಪಳ–ಹೊಸಪೇಟೆಯ 67ನೇ ಹೆದ್ದಾರಿಯಲ್ಲಿ ಅದೇ ಗಾಳಿ ಬೆನ್ನಿಗೋ ಎದೆಗೋ ಬೀಳುವುದರಿಂದ ಅಷ್ಟು ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ರಸ್ತೆಯಲ್ಲಿ ಮಾತ್ರ ಓಲಾಟ ಎಂಬ ದೂರು ಬಂದರೆ ಸ್ಪ್ಯಾನರ್ ಎತ್ತುವ ಮೊದಲು ಯಾವ ತಿಂಗಳು, ಯಾವ ರಸ್ತೆ ಎಂದು ಕೇಳುತ್ತೇನೆ. ಟಾಪ್ ಬಂದಮೇಲೆ ಪಿಕಪ್ಪಿನ ಪಕ್ಕೆಯೂ ಎತ್ತರವಾಗಿದೆ, ಗಾಳಿಗೆ ಹಿಡಿಯಲು ಜಾಗ ಹೆಚ್ಚು.

ಓಲಾಟ ಶುರುವಾದಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ತಾನೇ ನಿಧಾನವಾಗಲಿ. ಥಟ್ಟನೆ ಬ್ರೇಕ್ ಒತ್ತಿದರೆ ಬ್ರೇಕಿಲ್ಲದ ಟ್ರಾಲಿ ಹಿಂದಿನಿಂದ ನೂಕಿ ಪಿಕಪ್ಪನ್ನೇ ಅಡ್ಡ ಹಾಕುತ್ತದೆ. ಎದುರು ತಿರುಗಿಸಿ ಸರಿಪಡಿಸುತ್ತೇನೆ ಎನ್ನುವ ಕೈಚಳಕವೂ ಬೇಡ, ನಿಮ್ಮ ಕೈ ಯಾವಾಗಲೂ ಅರ್ಧ ಕ್ಷಣ ತಡ.

ಎದುರಿನವರು ಡಿಪ್ ಹೊಡೆಯುತ್ತಾರೆ

ನೀವು ಡಿಪ್ಪಿನಲ್ಲೇ ಇದ್ದರೂ ಎದುರಿನವರು ಲೈಟ್ ಹೊಡೆದು ಬೈಯುತ್ತಿದ್ದರೆ ಹಿಂಬದಿ ತಗ್ಗಿದೆ ಎಂದರ್ಥ. ಕೊಂಡಿ ಹಿಂದಿನ ಎಕ್ಸೆಲ್ಲಿಗಿಂತ 1.2 ಮೀಟರ್ ಆಚೆ, ಎರಡು ಎಕ್ಸೆಲ್ ನಡುವೆ 3 ಮೀಟರ್ ಇದ್ದರೆ, 90 ಕೆಜಿ ಕೊಂಡಿ ಭಾರ ಹಿಂದಿನ ಎಕ್ಸೆಲ್ ಮೇಲೆ 126 ಆಗಿ ಬೀಳುತ್ತದೆ, ಮುಂದಿನದರಿಂದ 36 ಎತ್ತುತ್ತದೆ. ಟಾಪಿನ ತೂಕ ಬೇರೆ. ಹಿಂದೆ 4 ಸೆಂಟಿಮೀಟರ್ ತಗ್ಗಿದರೆ 10 ಮೀಟರ್ ದೂರದಲ್ಲಿ ಬೆಳಕು 13 ಸೆಂಟಿಮೀಟರ್ ಏರುತ್ತದೆ. ಟ್ರಾಲಿ ಹಚ್ಚುವ ಮೊದಲು ಗೋಡೆಯ ಮೇಲೆ ಬೆಳಕಿನ ಅಂಚಿಗೆ ಸುಣ್ಣದ ಗೆರೆ ಎಳೆಯಿರಿ, ಹಚ್ಚಿದಮೇಲೆ ಅದೇ ದೂರದಲ್ಲಿ ನೋಡಿ. ಡ್ಯಾಶಿನಲ್ಲಿ ಲೈಟು ಇಳಿಸುವ ತಿರುಗಣೆ ಇದ್ದರೆ ಅಂಚು ಗೆರೆಗೆ ಬರುವಷ್ಟು ತಿರುಗಿಸಿ. ಇಲ್ಲದ ಗಾಡಿಯಾದರೆ ಲ್ಯಾಂಪಿನ ಹಿಂದಿನ ಸ್ಕ್ರೂ. ಅದಕ್ಕೂ ಬಗ್ಗದಿದ್ದರೆ ಹಿಂದಿನ ಸ್ಪ್ರಿಂಗಿನ ಲೀಫ್ ಪ್ಲೇಟು ಜೋತಿದೆ.

ಒಳಗೆ ಹೊಗೆ ವಾಸನೆ

ಟಾಪಿನ ಹಿಂಬಾಗಿಲು ತೆರೆದಿಟ್ಟು ಓಡಿಸಿದರೆ ಧೂಳು ಸುಳಿಯುವ ಜಾಗದಲ್ಲೇ ಸೈಲೆನ್ಸರ್ ಹೊಗೆಯೂ ಸುಳಿದು ಒಳಗೆ ಬರುತ್ತದೆ. ಬಾಗಿಲು ಮುಚ್ಚಿದರೂ ವಾಸನೆ ಬಂದರೆ ರಾತ್ರಿ ಟಾಪಿನೊಳಗೆ ಟಾರ್ಚ್ ಹಚ್ಚಿಟ್ಟು ಹೊರಗಿನಿಂದ ಬೆಳಕು ಸೋರುವ ಜಾಗ ನೋಡಿ, ರಬ್ಬರ್ ಬದಲಿಸಿ. ಜಾತ್ರೆಯಲ್ಲಿ ಹುಡುಗರು ಟಾಪಿನೊಳಗೆ ಮಲಗುತ್ತಾರೆ, ಪಕ್ಕದಲ್ಲೇ ಟ್ರಾಲಿಯ ಜನರೇಟರ್ ಬೆಳತನಕ ಓಡುತ್ತಿರುತ್ತದೆ. ಡೀಸೆಲ್ ಹೊಗೆಗೆ ವಾಸನೆ ಇದೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಇಲ್ಲ. ತಲೆನೋವು, ಮಂಪರು ಬಂದವನು ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡು ಇನ್ನೂ ಹೊದ್ದು ಮಲಗುತ್ತಾನೆ. ಜನರೇಟರ್ ಓಡುವಾಗ ಟ್ರಾಲಿ ಬಿಚ್ಚಿ ದೂರ ಎಳೆದಿಡಿ. ಇದರಲ್ಲಿ ನನ್ನದು ಹಟವೇ. ಒಪ್ಪದ ಮಾಲೀಕರ ಗಾಡಿಗೆ ಟಾಪಿನೊಳಗೆ ಮಲಗುವ ಹಲಗೆ ನಾನು ಕೂರಿಸಿಕೊಡುವುದಿಲ್ಲ.

ಕಾಗದದ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿನದು, ಟಾಪ್ ಹಾಕಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಕಾಯ್ದೆಯ ಕಣ್ಣಿಗೆ ಟ್ರಾಲಿಯೂ ಒಂದು ವಾಹನವೇ, ಅದಕ್ಕೂ ನೋಂದಣಿ ಬೇಕು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದೊಳಗೆ ಟಾಪಿನ ತೂಕವೂ ಸೇರುತ್ತದೆ, ಅಷ್ಟು ಮಾಲು ಕಡಿಮೆ ಹೇರಬೇಕು.

ರಿಪೇರಿ ಆದಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಟ್ರಾಲಿಯ ಎರಡೂ ಹಬ್ ಮುಟ್ಟಿ ನೋಡಿ, ಒಂದು ಇನ್ನೊಂದಕ್ಕಿಂತ ಬಿಸಿ ಇದ್ದರೆ ಆ ಬೇರಿಂಗ್ ಬಿಚ್ಚಬೇಕು. ಏಳು ಪಿನ್ನಿನ ಪ್ಲಗ್ಗೂ ಮುಟ್ಟಿ, ಬೆಚ್ಚಗಿದ್ದರೆ ಒಳಗೆ ಯಾವುದೋ ಪಿನ್ನು ಸಡಿಲ. ಕೊಂಡಿಯ ಜತೆ ಕಟ್ಟುವ ಸರಪಳಿ ನೆಲಕ್ಕೆ ಉಜ್ಜುತ್ತಿದೆಯೇ ಬಗ್ಗಿ ನೋಡಿ. ಟಾಪಿನ ಕ್ಲಾಂಪ್ ನಟ್ಟುಗಳನ್ನು ನೂರು ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ಬಿಗಿಯಿರಿ, ಹೊಸ ರಬ್ಬರ್ ಅಷ್ಟರಲ್ಲಿ ಕುಗ್ಗಿರುತ್ತದೆ. ಆ ಪಿಕಪ್ಪಿನವನಿಗೂ ಹೇಳಿದ್ದೆ. ಹುಲಿಗಿ ಜಾತ್ರೆಗೆ ಹೊರಟಾಗ ಬಂದು ನಿಂತ, ನಾಲ್ಕರಲ್ಲಿ ಮೂರು ನಟ್ಟು ಅರ್ಧ ಸುತ್ತು ಹಿಡಿದವು.